ಹಾಳುಕೋಟೆಗಳ ಚಿತ್ರ: ಪ್ರಮಾಣವೇ, ಪ್ರಲಾಪವೇ?

ಹಿಂದಿನ ಕಾಲದ ಕೋಟೆ, ದೇವಾಲಯ, ಅರಮನೆ, ಅಗಸಿಗಳು ತಮ್ಮ ಏಳಿಗೆಯ ದಿನಗಳಲ್ಲಿ ಹೇಗೆ ಕಾಣುತ್ತಿದ್ದುವೆಂಬುದನ್ನು ಬಣ್ಣದಲ್ಲಿ ಬರೆದು ತೋರಿಸುವ ರೂಢಿಯು ಈಚಿನ ವರುಷಗಳಲ್ಲಿ ಬಹಳವಾಗಿ ಹಬ್ಬಿದೆ. ಶಾಲೆಯ ಗೋಡೆ, ಉತ್ಸವದ ಆಮಂತ್ರಣಪತ್ರಿಕೆ, ದಿನದರ್ಶಿಕೆಯ ಹಾಳೆ, ಪ್ರವಾಸಿಗಳಿಗಾಗಿ ನೆಟ್ಟ ಫಲಕ, ಅಂಗೈಯಲ್ಲಿ ಹಿಡಿದ ದೂರವಾಣಿಯ ತೆರೆ, ಎಲ್ಲೆಲ್ಲಿಯೂ ಇಂತಹ ಚಿತ್ರಗಳೇ. ಉದ್ದೇಶವು ಒಳ್ಳೆಯದು. ಮುರಿದ ಬುರುಜನ್ನು ಕಂಡು ಮುಖ ತಿರುಗಿಸುವ ಬಾಲಕನು ಅದೇ ಬುರುಜಿನ ಪೂರ್ಣರೂಪವನ್ನು ಕಂಡರೆ ಒಂದು ಗಳಿಗೆಯಾದರೂ ನಿಲ್ಲುವನಷ್ಟೆ! ಆದರೆ ಉದ್ದೇಶವು ಒಳ್ಳೆಯದಾದಮಾತ್ರಕ್ಕೆ ಸಾಧನವೂ ಒಳ್ಳೆಯದಾಗುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳಂತಹ ಸೀಮೆಯಲ್ಲಿ ಈ ರೂಢಿಯು ವಿಚಾರವಿಲ್ಲದೆ ಬೆಳೆದರೆ ಇತಿಹಾಸವು ಬೆಳಗುವುದಕ್ಕೆ ಬದಲಾಗಿ ಮುಚ್ಚಿಹೋಗುವುದೆಂಬುದನ್ನು ಎತ್ತಿ ಹೇಳಲೇಬೇಕಾಗಿದೆ.

ಈ ವಿಷಯದಲ್ಲಿ ಹೊರಗಿನವರನ್ನು ಕೇಳುವುದಕ್ಕೆ ಮೊದಲು ಮನೆಯ ಹಿರಿಯನೊಬ್ಬನನ್ನು ಕೇಳುವುದು ಯುಕ್ತ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರಗಳನ್ನು ವಿಂಗಡಿಸಿ ಹೇಳುತ್ತದೆ. ಕನ್ನಡಿಯಲ್ಲಿ ಪ್ರತಿಬಿಂಬವು ತೋರುವಂತೆ ವಸ್ತುವಿಗೆ ಸದೃಶವಾಗಿ ಬರೆದುದು ವಿದ್ಧಚಿತ್ರ. ಬರೆಯಬೇಕೆಂಬ ಹುರುಪಿನಿಂದ ಆಕಾರಮಾತ್ರವನ್ನು ಕಲ್ಪಿಸಿ ಬರೆದುದು ಅವಿದ್ಧಚಿತ್ರ. ಎರಡಕ್ಕೂ ಆತನು ಸ್ಥಾನವನ್ನು ಕೊಟ್ಟಿದ್ದಾನೆ. ಎರಡನ್ನೂ ಒಂದೇ ಎಂದು ಮಾತ್ರ ಹೇಳಿಲ್ಲ. ಇಂದಿನ ದೋಷವೆಲ್ಲವೂ ಇಲ್ಲಿಯೇ ಇದೆ. ಅವಿದ್ಧವನ್ನು ಬರೆದು ವಿದ್ಧವೆಂದು ಮಾರುತ್ತಿದ್ದಾರೆ. ಕಲ್ಪನೆಯು ಪಾಪವಲ್ಲ, ಕಲ್ಪನೆಗೆ ಕನ್ನಡಿಯ ಹೆಸರಿಡುವುದು ಪಾಪ.

ಮೊದಲನೆಯ ದೋಷವು ಕಾಲದ ನಿರ್ಣಯವಿಲ್ಲದಿರುವುದು. “ಯಾದಗಿರಿಯ ಕೋಟೆಯು ಹಿಂದೆ ಹೀಗಿತ್ತು” ಎಂದು ಚಿತ್ರದ ಕೆಳಗೆ ಬರೆಯುತ್ತಾರೆ. ಹಿಂದೆ ಎಂದರೆ ಎಂದು? ಆ ಗುಡ್ಡದ ಮೇಲೆ ದೇವಾಲಯಗಳ ಅವಶೇಷಗಳಿವೆ, ಮಸೀದಿಯಿದೆ, ನೀರಿನ ಹೊಂಡಗಳಿವೆ, ತೋಪುಗಳಿವೆ. ಕಲ್ಯಾಣದ ಚಾಲುಕ್ಯರು, ಯಾದವರು, ಬಹಮನಿ ಸುಲ್ತಾನರು, ವಿಜಯಪುರದ ಆದಿಲಶಾಹಿಗಳು, ಹೀಗೆ ಹಲವರ ಆಳಿಕೆಯನ್ನು ಆ ಬಂಡೆಗಳು ಕಂಡಿವೆ. ಒಬ್ಬರು ಕಟ್ಟಿದುದನ್ನು ಮತ್ತೊಬ್ಬರು ಕೆಡವಿದರು, ಬಲಪಡಿಸಿದರು, ಬೇರೆಯದಕ್ಕೆ ಬಳಸಿದರು. ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಹೊಸದಾಗಿ ಹೊಳೆಯುವಂತೆ ಬರೆದರೆ ಆ ಚಿತ್ರವು ಯಾವ ವರುಷಕ್ಕೂ ಸಲ್ಲದು. ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಪ್ರಾಯದವರನ್ನಾಗಿ ಮಾಡಿ ಒಟ್ಟಿಗೆ ಕುಳ್ಳಿರಿಸಿ ವಂಶಾವಳಿಯನ್ನು ಬರೆದಂತಾಗುವುದು. ದಖ್ಖಣದ ಯುದ್ಧದಲ್ಲಿ ತೋಪು ಕಾಣಿಸಿಕೊಂಡುದು ೧೫ನೆಯ ಶತಮಾನದಲ್ಲಿ. ಆದುದರಿಂದ ಯಾದವರ ಕಾಲದ ಕೋಟೆಯೆಂದು ಹೆಸರಿಟ್ಟು ಅದರ ಬುರುಜಿನ ಮೇಲೆ ತೋಪನ್ನು ಏರಿಸಿದವನು ಇನ್ನೂರು ವರುಷಗಳನ್ನು ಒಂದು ಕುಂಚದ ಎಳೆತದಿಂದ ನುಂಗಿದಂತಾಯಿತು.

ಕಟ್ಟಡದ ಮಾತು ಹಾಗಿರಲಿ, ಸುತ್ತಲಿನ ನೆಲವನ್ನಾದರೂ ಸರಿಯಾಗಿ ಬರೆಯುವರೇ? ಶಹಾಪುರ ಸುರಪುರಗಳ ಕಡೆ ಇಂದು ಕಣ್ಣು ಹಾಯುವಷ್ಟು ದೂರ ಭತ್ತದ ಹಸುರು ತೋರುವುದುಂಟು. ಅದು ಕೃಷ್ಣೆಯ ಕಾಲುವೆಯ ಪ್ರಸಾದ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರೈಸಿದುದು ೧೯೮೨ರಲ್ಲಿ. ಅದಕ್ಕೆ ಮೊದಲು ಇದು ಜೋಳ, ಸಜ್ಜೆ, ತೊಗರಿಗಳ ಬೆದ್ದಲು ಸೀಮೆ. ಹೀಗಿರುವಲ್ಲಿ ನಾಯಕ ಅರಸರ ಕಾಲದ ಸುರಪುರವನ್ನು ಭತ್ತದ ಗದ್ದೆಗಳ ನಡುವೆ ಕುಳ್ಳಿರಿಸುವುದು ಹೇಗೆ ಸರಿ? ಚಾಲುಕ್ಯರ ಕಾಲದ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿಯನ್ನು ಹರವಿ ಒಣಗಿಸುವ ಗೃಹಿಣಿಯನ್ನು ಬರೆದರೆ ನೋಟಕ್ಕೆ ಸೊಗಸೇ ಸರಿ. ಆದರೆ ಮೆಣಸಿನಕಾಯಿಯು ಅಮೆರಿಕಾ ಖಂಡದ ಸಸ್ಯ, ೧೪೯೮ರಲ್ಲಿ ಪೋರ್ತುಗೀಜರು ಈ ದೇಶದ ತೀರವನ್ನು ಮುಟ್ಟಿದ ಮೇಲೆ ಬಂದುದು. ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದುದು. ಹಾಳುಗೋಡೆಗಳನ್ನೆಲ್ಲ ಮುತ್ತಿಕೊಂಡಿರುವ ಬಳ್ಳಾರಿಜಾಲಿಯಂತೂ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಈ ದೇಶಕ್ಕೆ ತಂದ ಗಿಡ. ಕಲ್ಲನ್ನು ಎಣಿಸಿ ಬರೆಯುವ ಚಿತ್ರಕಾರನೂ ಗಿಡವನ್ನು ಬರೆಯುವಾಗ ಕಿಟಕಿಯಿಂದ ಹೊರಗೆ ನೋಡುವನೇ ಹೊರತು ಕಾಲವನ್ನು ನೋಡುವುದಿಲ್ಲ.

ಎರಡನೆಯ ದೋಷವು ದೂರದ ಉಪಮಾನ. ಒಂದು ಸ್ಥಳದ ರೂಪವು ತಿಳಿಯದಿದ್ದಾಗ ಸಮೀಪದ, ಸಮಕಾಲದ, ಸಮಾನದ್ರವ್ಯದ ಮತ್ತೊಂದನ್ನು ನೋಡಿ ಊಹಿಸುವುದು ಶಾಸ್ತ್ರಸಮ್ಮತವೇ. ಆದರೆ ಇಂದು ನಡೆಯುತ್ತಿರುವುದು ಇದಲ್ಲ. ಅರಮನೆಯೆಂದ ಕೂಡಲೇ ರಾಜಸ್ಥಾನದ ಛತ್ರಿಗಳು. ಕೋಟೆಯೆಂದ ಕೂಡಲೇ ನಾಟಕದ ತೆರೆಯ ತೆನೆಗೋಡೆ. ಸುಲ್ತಾನರೆಂದ ಕೂಡಲೇ ಗೋಲಗುಮ್ಮಟದ ನಕಲು. ಈಗ ಆಜ್ಞೆಯನ್ನು ಕೊಟ್ಟ ಕ್ಷಣದಲ್ಲಿಯೇ ಚಿತ್ರವನ್ನು ಒಪ್ಪಿಸುವ ಗಣಕಯಂತ್ರಗಳೂ ಬಂದಿರುವುವು. ಲೋಕದಲ್ಲಿ ಹೆಚ್ಚಾಗಿ ಹರಡಿರುವ ಚಿತ್ರಗಳನ್ನು ಕಲಸಿ ಸರಾಸರಿಯೊಂದನ್ನು ಕೊಡುವುದೇ ಅವುಗಳ ವಿದ್ಯೆ. ವಾಗಣಗೇರಾದ ಚಿತ್ರಗಳು ಲೋಕದಲ್ಲಿ ಎಷ್ಟಿವೆ? ಜಯಪುರದವು ಎಷ್ಟಿವೆ? ಯಂತ್ರವು ಯಾವುದನ್ನು ಕೊಡುವುದೆಂಬುದಕ್ಕೆ ಜ್ಯೋತಿಷ್ಯವು ಬೇಡ.

ವಾಗಣಗೇರಾದ ವಿಷಯವನ್ನೇ ತೆಗೆದುಕೊಳ್ಳೋಣ. ಔರಂಗಜೇಬನು ತನ್ನ ಮುಪ್ಪಿನಲ್ಲಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆಯು ೧೭೦೫ರಲ್ಲಿ ಈ ಬೇಡನಾಯಕರ ಕೋಟೆಯ ಮುಂದೆ ನಡೆಯಿತು. ದಿಲ್ಲಿಯ ಬಾದಶಹನನ್ನು ವಾರಗಟ್ಟಲೆ ತಡೆದ ಬಲವು ಯಾವುದು? ಅದು ಅಮೃತಶಿಲೆಯ ಮಂಟಪವಲ್ಲ. ಗುಡ್ಡ, ಗುಂಡು, ಕಂದರ, ಮಣ್ಣಿನ ಗೋಡೆ, ನೆಲವನ್ನು ಬಲ್ಲ ಕಾಲಾಳು, ಇವೇ ಆ ಬಲ. ಇಂತಹ ಸ್ಥಳಕ್ಕೆ ಎತ್ತರದ ಗೋಪುರಗಳನ್ನೂ ಕೆತ್ತನೆಯ ಮೊಗಸಾಲೆಗಳನ್ನೂ ಹೊದಿಸುವವನು ಬೇಡನಾಯಕರಿಗೆ ಗೌರವವನ್ನು ಮಾಡಿದನೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಅವರ ನಿಜವಾದ ಪರಾಕ್ರಮವನ್ನು ಕಿತ್ತು, ಯಾರದೋ ಉಡುಗೆಯನ್ನು ತೊಡಿಸಿದ್ದಾನೆ. ಅಲಂಕಾರವೇ ಅಪಮಾನವಾಗುವುದೆಂದರೆ ಇದೇ.

ಮೂರನೆಯ ದೋಷವು ಕಣ್ಣಿಗಿಂತ ಮೊದಲು ಹೆಸರು ನಡೆಯುವುದು. ಸುರಪುರದಲ್ಲಿ ೧೮೪೧ರಿಂದ ೧೮೫೩ರವರೆಗೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಪ್ರಾಚೀನ ಅವಶೇಷಗಳ ವಿಷಯದಲ್ಲಿ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ರಾಜನಕೋಳೂರಿನ ಶಿಲಾಸಮಾಧಿಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲಿನ ಸಾಲುಗಳನ್ನೂ ಆತನು ಕಂಡು, ಅಳೆದು, ವರ್ಣಿಸಿ ವಿದ್ವಲ್ಲೋಕದ ಮುಂದಿಟ್ಟನು. ಆದರೆ ಆತನು ೧೮೬೨ರ ಸುಮಾರಿಗೆ ಐರ್ಲೆಂಡಿನ ವಿದ್ವತ್ಪರಿಷತ್ತಿನ ಮೂಲಕ ಪ್ರಕಟಿಸಿದ ಪ್ರಬಂಧದ ಶಿರೋನಾಮೆಯಲ್ಲಿಯೇ ಇವು ಕೆಲ್ಟಿಕರ, ಡ್ರೂಯಿಡರ ಅಥವಾ ಸಿಥಿಯರ ಸ್ಮಾರಕಗಳೆಂಬ ಮಾತು ಸೇರಿಕೊಂಡಿತು. ತನ್ನ ನಾಡಿನಲ್ಲಿ ಕಂಡ ಕಲ್ಲುಗಳನ್ನು ಈ ನಾಡಿನ ಕಲ್ಲುಗಳಲ್ಲಿ ಕಂಡನು. ಊರವರು ಅವನ್ನು ಮೋರ್ಯರ ಮನೆಗಳೆಂದು ಕರೆದು, ಕುಳ್ಳರು ವಾಸಿಸುತ್ತಿದ್ದ ಮನೆಗಳೆಂದು ನಂಬಿದ್ದರು. ಡ್ರೂಯಿಡ್ ಪುರೋಹಿತನನ್ನು ಬರೆದರೂ ತಪ್ಪು, ಬಾಗಿಲಲ್ಲಿ ಕುಳ್ಳನನ್ನು ನಿಲ್ಲಿಸಿದರೂ ತಪ್ಪು. ಏಕೆಂದರೆ ಅವು ಸತ್ತವರಿಗಾಗಿ ಎತ್ತಿದವು, ವಾಸದ ಮನೆಗಳಲ್ಲ. ಟೇಲರನ ಅಳತೆಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಆತನ ಹೆಸರುಗಳು ಬರುವುದಿಲ್ಲ. ಅಳತೆಯು ಉಳಿಯುವುದು, ಊಹೆಯು ಅಳಿಯುವುದು. ಚಿತ್ರಕಾರನು ಕಲಿಯತಕ್ಕ ಮೊದಲ ಪಾಠವು ಇದು.

ಸುರಪುರ ಸೀಮೆಯ ಬೂದಿದಿಬ್ಬಗಳ ಕಥೆಯು ಇದಕ್ಕಿಂತಲೂ ಬೋಧಪ್ರದವಾದುದು. ದಕ್ಷಿಣದ ಇಂತಹ ದಿಬ್ಬಗಳನ್ನು ಜನರು ರಾಕ್ಷಸರನ್ನು ಸುಟ್ಟ ಬೂದಿಯೆಂದರು. ಹಿಂದಿನ ಕೆಲವು ಯೂರೋಪಿಯನ್ನರು ಜ್ವಾಲಾಮುಖಿಯ ಬೂದಿಯೆಂದು ಶಂಕಿಸಿದರು. ಭೂಗರ್ಭಶಾಸ್ತ್ರಜ್ಞನಾದ ಬ್ರೂಸ್ ಫೂಟನು ದನದ ದೊಡ್ಡಿಗಳ ಸಗಣಿಯು ಉರಿದ ಬೂದಿಯೆಂದನು. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸನು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆಸಿದಾಗ ದನಗಳ ಗೊರಸಿನ ಗುರುತುಗಳೂ ಬೇಲಿಯ ಗೂಟಗಳನ್ನು ನೆಟ್ಟಿದ್ದ ಗುಳಿಗಳೂ ದೊರೆತುವು. ೧೯೯೦ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳಿನಲ್ಲಿ ನಡೆಸಿದ ಉತ್ಖನನದಿಂದ ದನಗಳ ದೊಡ್ಡಿ, ಅದರ ಮಗ್ಗುಲಿನ ವಸತಿ, ಪ್ರಾಣಿಗಳನ್ನು ಕೊಯ್ಯುತ್ತಿದ್ದ ನೆಲ, ಇವೆಲ್ಲ ಬೆಳಕಿಗೆ ಬಂದುವು. ದಿಬ್ಬವು ಒಂದೇ, ಆದರೆ ರಾಕ್ಷಸನ ಚಿತೆ, ಉಗುಳುವ ಬೆಟ್ಟ, ದನಗಾಹಿಗಳ ಹಟ್ಟಿ ಎಂದು ಮೂರು ಚಿತ್ರಗಳು. ಮೊದಲೆರಡನ್ನು ಬರೆಯಲು ಭ್ರಾಂತಿಯೇ ಸಾಕಾಗಿತ್ತು. ಮೂರನೆಯದಕ್ಕೆ ಒಂದು ಗೂಟದ ಗುಳಿಯನ್ನು ಕೆಡಿಸದೆ ತೆಗೆಯುವ ತಾಳ್ಮೆಯು ಬೇಕಾಯಿತು. ಬೇಲಿಯ ಚಿತ್ರವು ಆ ಗುಳಿಯಿಂದ ಹುಟ್ಟಿತು; ಆದುದರಿಂದ ಅದು ಪ್ರಮಾಣ.

ವಿಭೂತಿಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಪರೀಕ್ಷೆಯಿದೆ. ಅಲ್ಲಿ ದೊಡ್ಡ ಗುಂಡುಗಳನ್ನು ಓರೆಚೌಕದ ವಿನ್ಯಾಸದಲ್ಲಿ ಸಾಲುಸಾಲಾಗಿ ಇಟ್ಟಿದ್ದಾರೆ. ಸೂರ್ಯನ ಉದಯಾಸ್ತಗಳಿಗೆ ಸಂಬಂಧಿಸಿದ ವಿನ್ಯಾಸವೆಂದು ಕೆಲವು ವಿದ್ವಾಂಸರು ಈಚೆಗೆ ಪ್ರತಿಪಾದಿಸಿದ್ದಾರೆ. ಅದು ವಾದ, ಇನ್ನೂ ಸಿದ್ಧಾಂತವಾಗಿಲ್ಲ. ಹೀಗಿರುವಲ್ಲಿ ಕೈಯೆತ್ತಿ ಸೂರ್ಯನಿಗೆ ಅರ್ಘ್ಯವನ್ನು ಕೊಡುವ ಋಷಿಯೊಬ್ಬನನ್ನು ಆ ಸಾಲುಗಳ ನಡುವೆ ನಿಲ್ಲಿಸಿದರೆ, ವಿದ್ವಾಂಸರು ತೀರಿಸದ ವಿವಾದವನ್ನು ಚಿತ್ರಕಾರನು ತೀರಿಸಿದಂತಾಯಿತು! ಇಂತಹ ಕಡೆ ಕಲ್ಲುಗಳನ್ನು ಬರೆದು ಮನುಷ್ಯನನ್ನು ಬರೆಯದಿರುವುದೇ ಪಾಂಡಿತ್ಯ.

ಪ್ರಾಚೀನ ಚಿತ್ರವೇ ಸಿಕ್ಕಿದಾಗಲೂ ವಿವೇಕವು ಬೇಕು. ಭೀಮೆಯ ತೀರದಲ್ಲಿ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ೧೯೯೦ರ ದಶಕದ ಉತ್ಖನನದಿಂದ ಹೊರಬಂದ ಸ್ತೂಪದ ಫಲಕವೊಂದರಲ್ಲಿ ಅಶೋಕ ಮಹಾರಾಜನು ರಾಣಿಯೊಡನೆ ನಿಂತಿದ್ದಾನೆ. ಬ್ರಾಹ್ಮೀ ಅಕ್ಷರಗಳಲ್ಲಿ ಆತನ ಹೆಸರೂ ಇದೆ. ಇದು ಅಮೂಲ್ಯವಾದ ನಿಧಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದನ್ನು ಅಶೋಕನ ನಿಜವಾದ ಮುಖವೆಂದು ಹೇಳುವವರಿದ್ದಾರೆ. ಅಶೋಕನು ಕ್ರಿಸ್ತಪೂರ್ವ ೩ನೆಯ ಶತಮಾನದವನು. ಫಲಕವು ಶಾತವಾಹನರ ಕಾಲದ್ದು. ನಡುವೆ ಶತಮಾನಗಳು ಕಳೆದಿವೆ. ಆ ಶಿಲ್ಪಿಯೂ ತನ್ನ ಕಾಲದ ಉಡುಗೆತೊಡುಗೆಗಳನ್ನೇ ಗತರಾಜನಿಗೆ ತೊಡಿಸಿದನು. ಆತನದು ಭಕ್ತಿಯ ಚಿತ್ರ, ಸಾಕ್ಷಿಯ ಚಿತ್ರವಲ್ಲ. ಅಶೋಕನ ಉಡುಗೆಗೆ ಆ ಫಲಕವು ಪ್ರಮಾಣವಾಗದು. ಶಾತವಾಹನರ ಕಾಲದ ಉಡುಗೆಗೆ ಪರಮಪ್ರಮಾಣವಾದೀತು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರದ ಚಿನ್ನದ ರೇಖಿನ ಸೂಕ್ಷ್ಮಚಿತ್ರಗಳಿಗೂ ಇದೇ ನ್ಯಾಯ. ರುಮಾಲು, ಒಡವೆ, ಆಸನಗಳ ವಿಷಯದಲ್ಲಿ ಅವು ಬೆಲೆಯುಳ್ಳ ಸಾಕ್ಷಿಗಳು. ಹಿನ್ನೆಲೆಯ ಕಮಾನು ಮಂಟಪಗಳಾದರೋ ಚಿತ್ರಪರಂಪರೆಯ ರೂಢಿಗಳು. ರೂಢಿಯನ್ನು ನಕ್ಷೆಯೆಂದು ಓದಲಾಗದು.

ಇನ್ನು ಪೂರ್ವಪಕ್ಷಗಳು. “ಮಕ್ಕಳ ಸಂತೋಷಕ್ಕಾಗಿ ಬರೆದ ಚಿತ್ರಕ್ಕೆ ಇಷ್ಟು ತರ್ಕವೇಕೆ?” ಎಂದು ಒಂದು ಪಕ್ಷ. ಇದಕ್ಕೆ ಉತ್ತರ: ಮಗುವು ಓದಿದುದನ್ನು ಮರೆಯುವುದು, ಕಂಡುದನ್ನು ಮರೆಯದು. ತಪ್ಪು ವಾಕ್ಯವನ್ನು ಇನ್ನೊಂದು ವಾಕ್ಯದಿಂದ ತಿದ್ದಬಹುದು. ಕಣ್ಣಿನಲ್ಲಿ ನೆಟ್ಟ ತಪ್ಪನ್ನು ಕೀಳುವುದು ಕಷ್ಟ. ಹಂಪೆಯ ಕಲ್ಲಿನ ರಥವನ್ನು ಅರಿಯದ ಕನ್ನಡಿಗನುಂಟೆ? ೨೦೧೭ರಿಂದ ಐವತ್ತು ರೂಪಾಯಿಯ ನೋಟಿನ ಮೇಲೂ ಅದಿದೆ. ಆದರೆ ೧೮೫೬ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿಯು ತೆಗೆದ ಛಾಯಾಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಅದು ಆಮೇಲೆ ಇಲ್ಲದಾಯಿತು. ಮುಂದೆ ನಿಂತಿರುವ ಆನೆಗಳೂ ಮೊದಲಿನವಲ್ಲ. ಕುದುರೆಗಳ ಹಿಂಗಾಲುಗಳ ಗುರುತು ಅವುಗಳ ಹಿಂದೆ ಉಳಿದಿದೆ. ವಿಜಯನಗರದ ವೈಭವವೆಂದು ಚಿತ್ರಿಸುವವರು ಶಿಖರವಿಲ್ಲದ, ಆನೆಗಳುಳ್ಳ ರಥವನ್ನೇ ಕೃಷ್ಣದೇವರಾಯನ ಮುಂದೆ ನಿಲ್ಲಿಸಿಬಿಡುತ್ತಾರೆ. ಇಂದಿನ ಅವಶೇಷಕ್ಕೆ ಬಣ್ಣ ಬಳಿದು ಅಂದಿನ ರೂಪವೆಂದರೆ ಆಗುವ ಅನರ್ಥವು ಇಂತಹದು. ಇದನ್ನು ಕಂಡು ಬೆಳೆದವನಿಗೆ ಗ್ರೀನ್‌ಲಾನ ಛಾಯಾಚಿತ್ರವೇ ಸುಳ್ಳೆಂದು ತೋರುವುದು!

“ಎಲ್ಲಾ ದೇಶಗಳಲ್ಲಿಯೂ ಹೀಗೆಯೇ ಮಾಡುತ್ತಾರೆ” ಎಂದು ಮತ್ತೊಂದು ಪಕ್ಷ. ಮಾಡಿದವರು ಪಟ್ಟ ಪಾಡನ್ನೂ ಕೇಳಬೇಕಷ್ಟೆ. ಕ್ರೀಟ್ ದ್ವೀಪದ ನೊಸಸ್ ಅರಮನೆಯನ್ನು ೧೯೦೦ರಿಂದ ಅಗೆದ ಆರ್ಥರ್ ಇವಾನ್ಸನು ಒಡೆದ ಭಿತ್ತಿಚಿತ್ರಗಳನ್ನು ಪೂರ್ಣಮಾಡಿಸಿದಾಗ, ಕೇಸರಿಯ ಹೂಗಳನ್ನು ಬಿಡಿಸುವ ನೀಲಿಬಣ್ಣದ ಬಾಲಕನೊಬ್ಬನು ಮೂಡಿಬಂದನು. ಮುಂದೆ ಪರೀಕ್ಷಿಸಿದಾಗ ಅದು ಬಾಲಕನಲ್ಲ, ಕೋತಿಯೆಂದು ತಿಳಿಯಿತು. ಗಣಪತಿಯನ್ನು ಮಾಡಹೋಗಿ ಕೋತಿಯನ್ನು ಮಾಡಿದರೆಂಬ ಗಾದೆಯು ಈ ನಾಡಿನದು. ಕೋತಿಯನ್ನು ಹಿಡಿದು ರಾಜಕುಮಾರನನ್ನು ಮಾಡಿದ ಕೀರ್ತಿಯು ಆ ನಾಡಿನದು. ಇಂತಹ ಅನುಭವಗಳಿಂದ ಕಲಿತೇ ೧೯೬೪ರ ವೆನಿಸ್ ಸನದಿನಲ್ಲಿ ಜೀರ್ಣೋದ್ಧಾರದ ಕೆಲಸವು ಊಹೆಯು ಆರಂಭವಾಗುವಲ್ಲಿ ನಿಲ್ಲತಕ್ಕುದೆಂದು ವಿಧಿಸಿದರು. ಅವರ ಅಪರಾಧವನ್ನು ಅನುಕರಿಸಿ ಅವರ ಪಶ್ಚಾತ್ತಾಪವನ್ನು ಬಿಡುವುದು ಯಾವ ನ್ಯಾಯ?

“ಹಾಗಾದರೆ ಚಿತ್ರವೇ ಬೇಡ, ಹಾಳನ್ನು ಹಾಳಾಗಿಯೇ ಬಿಡಿ” ಎಂಬ ಮೂರನೆಯ ಪಕ್ಷವೂ ಉಂಟು. ಇದು ಶುದ್ಧವಾಗಿ ಕಂಡರೂ ಸೋಮಾರಿತನದ ಮಗಳು. ಚಿತ್ರವಿಲ್ಲದ ಮನಸ್ಸು ಬರಿದಾಗಿರುವುದಿಲ್ಲ; ವಿದ್ವಾಂಸನು ಬರೆಯದಿದ್ದರೆ ಚಲಚ್ಚಿತ್ರದವನು ಬರೆಯುವನು. ಶಹಾಪುರದ ಬೆಟ್ಟಸಾಲು ರಸ್ತೆಯ ಒಂದು ಕಡೆಯಿಂದ ನೋಡಿದವರಿಗೆ ಮಲಗಿದ ಬುದ್ಧನಂತೆ ತೋರುವುದನ್ನು ಎಲ್ಲರೂ ಬಲ್ಲರು. ಬಿಡಿಬಿಡಿಯಾದ ಬಂಡೆಗಳನ್ನು ಕೂಡಿಸಿ ಹಣೆ, ಮೂಗು, ಎದೆಗಳನ್ನು ಮಾಡಿಕೊಳ್ಳುವುದು ಕಣ್ಣಿನ ಸ್ವಭಾವ. ಆ ಸ್ವಭಾವವನ್ನು ತಡೆಯಲಾಗದು, ಶಿಕ್ಷಣದಿಂದ ತಿದ್ದಬಹುದು.

ಈ ಚರ್ಚೆಯು ಪಂಡಿತರ ಕಾಲಹರಣವೆಂದು ಯಾರೂ ತಿಳಿಯಬಾರದು. ಚಿತ್ರವು ಹಾಳೆಯ ಮೇಲೆಯೇ ನಿಲ್ಲುವುದಿಲ್ಲ. ಇಂದು ಫಲಕದಲ್ಲಿ ಬರೆದ ಕಮಾನನ್ನು ನಾಳೆ ಗುತ್ತಿಗೆದಾರನು ಸಿಮೆಂಟಿನಲ್ಲಿ ಕಟ್ಟುವನು. ಕಟ್ಟುವುದಕ್ಕೆ ಅಡ್ಡವಾದ ಹಳೆಯ ಕಲ್ಲು ಯಾರದೋ ಹೊಲದ ಒಡ್ಡಿಗೆ ಹೋಗುವುದು. ಮೂಲವು ಹೋಯಿತು, ಊಹೆಯು ಉಳಿಯಿತು. ಇದಕ್ಕಿಂತ ಘೋರವಾದುದು ಮತ್ತೊಂದಿದೆ. ಹಲವು ಮತಗಳವರು ಒಂದೇ ಗುಡ್ಡದ ಮೇಲೆ ಗುರುತುಗಳನ್ನು ಬಿಟ್ಟುಹೋದ ಸೀಮೆಯಿದು. ಒಬ್ಬನು ತನ್ನವರ ಗುರುತನ್ನು ದೊಡ್ಡದು ಮಾಡಿ ಪರರದನ್ನು ಅಳಿಸಿ ಬರೆದರೆ, ಆ ಚಿತ್ರವು ಮರುದಿನವೇ ಜಗಳಕ್ಕೆ ದಾಖಲೆಯಾಗಿ ನಿಲ್ಲುತ್ತದೆ. ಗುಡಿಯನ್ನು ಅಳಿಸಿದವನೂ ಮಸೀದಿಯನ್ನು ಅಳಿಸಿದವನೂ ಸಮಾನವಾದ ಅಪರಾಧಿಗಳೇ. ಇವರಿಬ್ಬರೂ ಸೇರಿ ಅಳಿಸುವ ಮೂರನೆಯದೊಂದುಂಟು: ಬಡವನ ಮನೆ. ಅರಮನೆಯ ಸುತ್ತಣ ಮಣ್ಣಿನ ಗೋಡೆ, ಮರದ ತೊಲೆ, ಮಣ್ಣಿನ ಮಾಳಿಗೆಗಳು ಮಳೆಗೆ ಕರಗಿಹೋಗಿರುವುದರಿಂದ ಅವು ಇರಲೇ ಇಲ್ಲವೆಂಬಂತೆ ಹಸುರು ಹುಲ್ಲನ್ನು ಬರೆದುಬಿಡುವರು. ಕೋಟೆಯನ್ನು ಕಟ್ಟಿದ ಒಡ್ಡನೂ ಕಾದ ತಳವಾರನೂ ಎಲ್ಲಿ ಮಲಗುತ್ತಿದ್ದರು? ಹುಲ್ಲಿನ ಮೇಲೆಯೇ?

ಆದುದರಿಂದ ವಿಧಿಯು ಇಷ್ಟು. ಮೊದಲನೆಯದು, ಚಿತ್ರದ ಕೆಳಗೆ “ಹಿಂದೆ” ಎಂದು ಬರೆಯದೆ ಯಾವ ಶತಮಾನದ, ಸಾಧ್ಯವಾದರೆ ಯಾವ ವರುಷದ ರೂಪವೆಂದು ಬರೆಯತಕ್ಕುದು. ಎರಡನೆಯದು, ಇಂದಿಗೂ ನಿಂತಿರುವ ಭಾಗವನ್ನು ಗಟ್ಟಿಯಾದ ರೇಖೆಯಿಂದಲೂ, ಅಡಿಪಾಯ, ಗುಳಿ, ಹಳೆಯ ಛಾಯಾಚಿತ್ರ ಮುಂತಾದುವುಗಳಿಂದ ಸಿದ್ಧವಾದ ಭಾಗವನ್ನು ತೆಳುವಾದ ರೇಖೆಯಿಂದಲೂ, ಬರಿಯ ಊಹೆಯನ್ನು ಚುಕ್ಕಿಗಳಿಂದಲೂ ತೋರಿಸತಕ್ಕುದು. ಊಹೆಗೂ ಆಧಾರವಿಲ್ಲದ ಕಡೆ ಹಾಳೆಯನ್ನು ಬಿಳಿಯಾಗಿ ಬಿಡತಕ್ಕುದು. ಮೂರನೆಯದು, ಎರಡು ಮತಗಳಿರುವಲ್ಲಿ ಎರಡು ಚಿತ್ರಗಳನ್ನು ಬರೆಯತಕ್ಕುದು. ನಾಲ್ಕನೆಯದು, ಇಂದಿನ ಸ್ಥಿತಿಯ ಛಾಯಾಚಿತ್ರವನ್ನು ಮಗ್ಗುಲಲ್ಲಿಯೇ ಇಡತಕ್ಕುದು. ಐದನೆಯದು, ಯಾವ ಚಿತ್ರವನ್ನೂ ಕಟ್ಟಡದ ನಕ್ಷೆಯೆಂದು ಉಪಯೋಗಿಸತಕ್ಕುದಲ್ಲ. ಇವುಗಳಿಗೆ ಹೆಚ್ಚಿನ ಹಣವು ಬೇಡ, ಪ್ರಾಮಾಣಿಕತೆಯು ಬೇಕು.

ಬಿಳಿಯಾಗಿ ಬಿಟ್ಟ ಹಾಳೆಯು ಚಿತ್ರಕ್ಕೆ ಕುಂದಲ್ಲವೆ ಎಂದು ಕಲಾವಿದರು ಕೇಳಬಹುದು. ಹಳೆಯ ಶಾಸನವನ್ನು ಪ್ರಕಟಿಸುವ ಪಂಡಿತನು ಸವೆದುಹೋದ ಅಕ್ಷರಗಳ ಸ್ಥಾನದಲ್ಲಿ ಚುಕ್ಕಿಗಳನ್ನಿಡುತ್ತಾನೆ. ಆ ಚುಕ್ಕಿಗಳನ್ನು ಕಂಡು ಆತನಿಗೆ ಕನ್ನಡ ಬಾರದೆಂದು ಯಾರೂ ನಗುವುದಿಲ್ಲ. ಉಳಿದ ಅಕ್ಷರಗಳನ್ನು ನಂಬುವುದೇ ಆ ಚುಕ್ಕಿಗಳ ದೆಸೆಯಿಂದ. ಚಿತ್ರಕ್ಕೆ ಬೇರೆ ನ್ಯಾಯವೇಕೆ? ಕಲ್ಲಿನ ಮೇಲೆ ಅಕ್ಷರವನ್ನು ಕಲ್ಪಿಸಿ ಬರೆದವನನ್ನು ಕೂಟಲೇಖಕನೆಂದು ದೂರುವ ಸಮಾಜವು ಕಲ್ಲನ್ನೇ ಕಲ್ಪಿಸಿ ಬರೆದವನಿಗೆ ಹಾರ ಹಾಕುವುದನ್ನು ಇನ್ನಾದರೂ ನಿಲ್ಲಿಸಬೇಕು. ಶಾಲೆಗಳ ಮುಖ್ಯಸ್ಥರೂ ಫಲಕಗಳನ್ನು ನೆಡಿಸುವ ಅಧಿಕಾರಿಗಳೂ ಚಿತ್ರವನ್ನು ಒಪ್ಪಿಕೊಳ್ಳುವ ಮೊದಲು “ಇದು ಹೇಗೆ ತಿಳಿಯಿತು?” ಎಂಬ ಒಂದೇ ಪ್ರಶ್ನೆಯನ್ನು ಕೇಳಲಿ. ಮನೆಗಳಲ್ಲಿ ತಂದೆತಾಯಿಗಳು ಮಕ್ಕಳಿಗೆ ಅದೇ ಪ್ರಶ್ನೆಯನ್ನು ಕಲಿಸಲಿ. ಉತ್ತರವಿರುವ ಚಿತ್ರವು ಗೋಡೆಯ ಮೇಲೆ ಉಳಿಯಲಿ. ಉತ್ತರವಿಲ್ಲದುದು ಕಥೆಯ ಪುಸ್ತಕಕ್ಕೆ ಹೋಗಲಿ. ಅಲ್ಲಿ ಅದಕ್ಕೆ ಗೌರವದ ಸ್ಥಾನವಿದೆ.